ಟೆಕ್ಸಾಸ್ ಹಿತ್ತಲಿನ ಎಳೇ ಮರಗಳು ಯಾಕೆ ಹಿಡ್ಕೊಳ್ಳಲ್ಲ, ಚಳಿಗೆ ಯಾಕೆ ಹೋಗ್ತವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡಲ್ಲಾಸ್ ಸುತ್ತಮುತ್ತ ಮನೆ ತಗೊಂಡ ನಮ್ಮವರು ಹೆಚ್ಚಿನವರು ಮೊದಲ ವರ್ಷನೇ ಹಿತ್ತಲಲ್ಲಿ ಎರಡು ಹಣ್ಣಿನ ಗಿಡ ನೆಡ್ತಾರೆ, ಮುಂದಿನ ಮಾರ್ಚಲ್ಲಿ ನನಗೆ ಫೋಟೋ ಬರತ್ತೆ, ಅಕ್ಕಾ ಇದು ಬದುಕಿದ್ಯಾ ನೋಡಿ ಅಂತ. ಯುಗಾದಿ ಊಟದ ಪಂಕ್ತೀಲಿ, ಫೋನಲ್ಲಿ, ವಾಟ್ಸಾಪಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಇಲ್ಲಿ ಹಾಕಿದೀನಿ. ನಾನು ಶಿರಸಿ ಕಡೆ ಅಡಿಕೆ ತೋಟದ ಮನೇಲಿ ಬೆಳೆದವಳು, ಇಲ್ಲಿಗೆ ಬಂದ್ಮೇಲೆ ನನ್ನವೂ ಸುಮಾರು ಗಿಡ ಹೋಗಿವೆ, ಹೋದ ಪ್ರತಿಯೊಂದನ್ನೂ ಅಗೆದು ಬೇರು ತೊಳೆದು ನೋಡಿದೀನಿ. ನೋಡಿ ನೋಡಿ ನನಗೆ ಗಟ್ಟಿಯಾಗಿರೋ ಮಾತು ಇಷ್ಟು: ಜನವರೀಲಿ ಸತ್ತ ಗಿಡಗಳಲ್ಲಿ ಹೆಚ್ಚಿನವು ಹಿಂದಿನ ಜುಲೈನಲ್ಲೇ ಬೇರಿನ ಕಡೆಯಿಂದ ಸೋತಿರ್ತವೆ.

## ಮೊದಲು ಕೇಳೋ ಪ್ರಶ್ನೆಗಳು

ಪಕ್ಕದ ಮನೆಯವ್ರದ್ದೂ ಅದೇ ಅಂಜೂರ, ಅವ್ರ ಮರ ಆರಾಮಾಗಿದೆ, ನಮ್ದು ಮಾತ್ರ ಒಂದೇ ಚಳಿಗೆ ಹೋಯ್ತಲ್ಲ, ಯಾಕಕ್ಕಾ?

ಅವರ ಮರಕ್ಕೆ ಎಷ್ಟು ವರ್ಷ ಅಂತ ಮೊದಲು ಕೇಳಿ. ದೊಡ್ಡ ಮರದ ಬೇರು ಕೊಂಬೆ ಹರಡಿದ್ದಕ್ಕಿಂತ ಆಚೆಗೂ ಹೋಗಿರತ್ತೆ, ಕಾಂಡದಲ್ಲಿ ದಪ್ಪ ತೊಗಟೆ ಇರತ್ತೆ, ಒಳಗೆ ಕೂಡಿಟ್ಟ ಆಹಾರ ಇರತ್ತೆ. ನಿಮ್ಮ ಗಿಡದ ಬೇರು ಇನ್ನೂ ನರ್ಸರಿ ಕುಂಡದ ಆಕಾರದಲ್ಲೇ ಕೂತಿದೆ, ತೊಗಟೆ ಪೆನ್ಸಿಲ್ಲಲ್ಲಿ ಗೀಚಿದ್ರೆ ಏಳೋಷ್ಟು ತೆಳು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಫ್ರೀಝ್ ಆದಾಗ ಐಸ್ ಮೊದಲು ಕಟ್ಟೋದು ಜೀವಕೋಶದ ಒಳಗಲ್ಲ, ಕೋಶಗಳ ನಡುವಿನ ಸಂದೀಲಿ. ಆ ಐಸು ಕೋಶದೊಳಗಿನ ನೀರನ್ನ ಹೊರಗೆ ಎಳ್ಕೊಳ್ಳತ್ತೆ, ಕೋಶ ಒಣಗತ್ತೆ, ಪೊರೆ ಹರಿಯತ್ತೆ. ಅಂದ್ರೆ ಗಿಡದ ಪಾಲಿಗೆ ಚಳಿ ಕೂಡ ಒಂಥರ ಬರಗಾಲನೇ. ಮೊದಲೇ ಬಾಯಾರಿದ್ದ ಗಿಡಕ್ಕೆ ಮೇಲಿಂದ ಈ ಬರಗಾಲನೂ ಬಂದ್ರೆ ತಡ್ಕೊಳ್ಳಕ್ಕೆ ಅದರ ಹತ್ರ ಏನಿರತ್ತೆ ಹೇಳಿ.

ಗಿಡ ಹಿಡ್ಕೊಂಡಿದೆ ಅಂತ ಹೇಗೆ ಗೊತ್ತಾಗೋದು? ಎಲೆ ಹಸಿರಾಗಿದ್ರೆ ಸಾಕಾ?

ಸಾಲದು. ನರ್ಸರೀಲಿ ತುಂಬಿಸಿಕೊಂಡು ಬಂದ ಆಹಾರದಲ್ಲೇ ಗಿಡ ಒಂದು ಸಲ ಚೆನ್ನಾಗಿ ಚಿಗುರಿ ತೋರಿಸತ್ತೆ. ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಬುಡದ ಮಣ್ಣು ಒಂದೇ ಮುದ್ದೆಯಾಗಿ ಅದರ ಜೊತೆ ಅಲ್ಲಾಡಿದ್ರೆ ಬೇರು ಇನ್ನೂ ಆಚೆ ಹೋಗಿಲ್ಲ ಅಂತ ಅರ್ಥ, ಬೇರು ಹೋಗಿದ್ರೆ ಕಾಂಡ ಬಾಗತ್ತೆ, ಬುಡ ಕದಲಲ್ಲ. ಇಲ್ಲಿನ ಅಂದಾಜು ಲೆಕ್ಕ ಏನಂದ್ರೆ ಕಾಂಡದ ದಪ್ಪ ಒಂದು ಇಂಚು ಇದ್ರೆ ಸುಮಾರು ಒಂದು ವರ್ಷ ಬೇಕು, ಮೂರು ಇಂಚು ಇದ್ರೆ ಮೂರು ವರ್ಷ. ಅದಕ್ಕೇ ದುಡ್ಡು ಸುರಿದು ದೊಡ್ಡ ಗಿಡ ತರಬೇಡಿ ಅಂತೀನಿ, ಸಣ್ಣದು ಬೇಗ ಬೇರು ಬಿಟ್ಟು ನಾಲ್ಕೈದು ವರ್ಷದಲ್ಲಿ ದೊಡ್ಡದನ್ನ ದಾಟಿ ಹೋಗೋದನ್ನ ನಮ್ಮ ಬೀದೀಲೇ ನೋಡಿದೀನಿ.

ಲೇಬಲ್ ಮೇಲೆ ಝೋನ್ 8 ಅಂತ ಬರೆದಿತ್ತು, ನಮ್ದೂ ಝೋನ್ 8, ಮತ್ತೆ ಹೇಗೆ ಸತ್ತೋಯ್ತು?

ಝೋನ್ ಅಂದ್ರೆ ಅಮೆರಿಕದ ಕೃಷಿ ಇಲಾಖೆ ಚಳಿ ನೋಡಿ ಮ್ಯಾಪಲ್ಲಿ ಮಾಡಿದ ಪಟ್ಟಿ, ಚಳಿ ಅಲ್ಲಿಗಿಂತ ಕೆಳಗೆ ಇಳಿಯಲ್ಲ ಅಂತ ಗ್ಯಾರಂಟಿ ಅಲ್ಲ. ಪ್ರತಿ ವರ್ಷದ ಅತೀ ಚಳಿ ರಾತ್ರಿ ತಗೊಂಡು 30 ವರ್ಷದ್ದು ಸರಾಸರಿ ಮಾಡಿದ್ದು ಅದು. ಝೋನ್ 8 ಅಂದ್ರೆ ಆ ಸರಾಸರಿ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 12ರಿಂದ ಮೈನಸ್ 7. ಸರಾಸರಿ ಅಂದ್ಮೇಲೆ ಕೆಲವು ವರ್ಷ ಅದಕ್ಕಿಂತ ಕೆಳಗೆ ಹೋಗೇ ಹೋಗತ್ತೆ. 2023ರಲ್ಲಿ ಬಂದ ಹೊಸ ಮ್ಯಾಪು 1991ರಿಂದ 2020ರವರೆಗಿನ ಲೆಕ್ಕದ ಮೇಲೆ ಮಾಡಿದ್ದು, ಹಾಗಾಗಿ 2021ರ ಫೆಬ್ರವರಿ 16ಕ್ಕೆ ಡಲ್ಲಾಸ್ ಏರ್‌ಪೋರ್ಟಲ್ಲಿ ಮೈನಸ್ 2 ಫ್ಯಾರನ್‌ಹೀಟ್ ಅಂದ್ರೆ ಮೈನಸ್ 19 ಸೆಲ್ಸಿಯಸ್ಸಿಗೆ ಇಳಿದ ಆ ರಾತ್ರಿ ಅದರಲ್ಲಿ ಲೆಕ್ಕಕ್ಕೇ ಇಲ್ಲ. ಜೊತೆಗೆ ಲೇಬಲ್ಲಿನ ಮಾತು ಬೇರು ಬಿಟ್ಟು ನಿಂತ ಗಿಡಕ್ಕೆ, ಹೋದ ತಿಂಗಳು ನೆಟ್ಟಿದ್ದಕ್ಕಲ್ಲ. ಕುಂಡದಲ್ಲಿರೋದಕ್ಕಂತೂ ಅಲ್ವೇ ಅಲ್ಲ, ಯಾಕಂದ್ರೆ ಬೇರಿಗೆ ಕೊಂಬೆಯಷ್ಟು ಚಳಿ ತಡ್ಯೋ ಶಕ್ತಿ ಇಲ್ಲ, ಕುಂಡದಲ್ಲಿ ಆ ಬೇರಿಗೆ ನಾಲ್ಕೂ ಕಡೆಯಿಂದ ಗಾಳಿ.

ಊರಲ್ಲಿ ಮಳೆಗಾಲ ಶುರು ಆಗ್ತಿದ್ದಂಗೆ ನೆಡ್ತೀವಿ, ಇಲ್ಲಿ ಯಾವಾಗ ನೆಡ್ಬೇಕು?

ಊರಿನ ಜೂನ್ ಬುದ್ಧಿ ಇಲ್ಲಿ ಬಿಡಬೇಕು, ಇಲ್ಲಿ ಜೂನಲ್ಲಿ ನೆಟ್ಟ ಗಿಡ ಎದುರಿಗೇ ಮೂರು ತಿಂಗಳು ನೂರು ಡಿಗ್ರಿ ಫ್ಯಾರನ್‌ಹೀಟ್ ಹತ್ರದ ಬಿಸಿಲು ನೋಡತ್ತೆ. ಚಳಿ ತಡ್ಯೋ ಜಾತಿ, ಅಂದ್ರೆ ಪೀಚ್, ಪಿಯರ್, ಪರ್ಸಿಮನ್, ಓಕ್, ಇವೆಲ್ಲ ಅಕ್ಟೋಬರಿಂದ ಫೆಬ್ರವರಿ ಒಳಗೆ ನೆಡಿ. ಮೇಲೆ ಎಲೆ ಉದುರಿ ಗಿಡ ಮಲಗಿದ ಹಾಗೆ ಕಂಡ್ರೂ ಮಣ್ಣು ಬೆಚ್ಚಗಿರೋವರೆಗೆ ಕೆಳಗೆ ಬೇರು ಓಡಾಡ್ತಾನೇ ಇರತ್ತೆ, ಬೇಸಿಗೆ ಬರೋ ಹೊತ್ತಿಗೆ ಅದು ತಯಾರು. ಟೆಕ್ಸಾಸಲ್ಲಿ ಮರ ನೆಡೋ ದಿನಾಚರಣೆ ಇರೋದೂ ನವೆಂಬರ್ ಮೊದಲ ಶುಕ್ರವಾರ. ನಿಂಬೆ, ಕಿತ್ತಳೆ, ಅಂಜೂರ, ದಾಳಿಂಬೆ ಇವಕ್ಕೆ ಮಾತ್ರ ಮಾರ್ಚ್ ಮಧ್ಯ ದಾಟಲಿ, ಕೊನೆಯ ಫ್ರಾಸ್ಟ್ ಸಾಮಾನ್ಯ ಆ ಹೊತ್ತಿಗೆ ಮುಗಿದಿರತ್ತೆ, ಆಮೇಲೆ ನೆಟ್ರೆ ಚಳಿ ಬರೋ ಮುಂಚೆ ಪೂರ್ತಿ ಒಂದು ಬೆಳೆಯೋ ಕಾಲ ಸಿಗತ್ತೆ.

## ಮಣ್ಣು, ಗುಂಡಿ, ನೀರು

ನಮ್ಮ ಹಿತ್ತಲ ಮಣ್ಣು ಕರ್ರಗೆ ಚಂದ ಕಾಣ್ತದ, ಆದ್ರೂ ಗಿಡ ಯಾಕ ಹತ್ತವಲ್ದು?

ಇದನ್ನ ಕೇಳಿದವರು ಹುಬ್ಬಳ್ಳಿ ಕಡೆಯವರು, ಉತ್ತರ ಅವರ ಊರಲ್ಲೇ ಇದೆ. ನಮ್ಮ ಮಾವನವರು ಗದಗದಿಂದ ಇಲ್ಲಿಗೆ ಬಂದಾಗ ಹಿತ್ತಲಿಗೆ ಹೋಗಿ ಒಂದು ಹೆಂಟೆ ಕೈಗೆ ತಗೊಂಡ್ರು, ಒಡೆದ್ರು, ಸ್ವಲ್ಪ ನೀರು ಹಾಕಿ ಬೆರಳಲ್ಲಿ ತಿಕ್ಕಿದ್ರು, "ಇದು ನಮ್ಮ ಎರಿ ಹೊಲಾನ ಐತಲ್ಲವಾ" ಅಂದ್ರು. ನೂರಕ್ಕೆ ನೂರು ನಿಜ. ಡಲ್ಲಾಸಿಂದ ದಕ್ಷಿಣಕ್ಕೆ ಆಸ್ಟಿನ್ ಕಡೆಗೆ ಹೋಗೋ ಕಪ್ಪು ನೆಲದ ಪಟ್ಟಿ, ಧಾರವಾಡ ಗದಗದ ಎರೆಭೂಮಿ, ಎರಡೂ ಒಂದೇ ಕುಲದ ಮಣ್ಣು, ಎರಡು ಕಡೆನೂ ಹತ್ತಿ ಬೆಳೆದ ನೆಲ. ಇಲ್ಲಿನ ಹೂಸ್ಟನ್ ಬ್ಲ್ಯಾಕ್ ಅನ್ನೋ ಮಣ್ಣು ಟೆಕ್ಸಾಸಿನ ರಾಜ್ಯ ಮಣ್ಣು ಅಂತಾನೇ ಕರೀತಾರೆ.

ಎರೆ ಮಣ್ಣು ಒದ್ದೆ ಆದಾಗ ಉಬ್ಬತ್ತೆ, ಒಣಗಿದಾಗ ಕುಗ್ಗಿ ಬಾಯಿ ಬಿಡತ್ತೆ. ಆಗಸ್ಟಲ್ಲಿ ನಮ್ಮ ಹಿತ್ತಲ ಬಿರುಕಿಗೆ ಮೊಣಕೈವರೆಗೆ ಕೈ ಇಳಿಸಿದೀನಿ. ಆ ಬಿರುಕು ಬಿಡುವಾಗ ಎಳೇ ಗಿಡದ ದಾರದಂಥ ಬೇರುಗಳು ಪಟಪಟ ಹರೀತವೆ, ಉಳಿದವು ಬಿಸಿ ಗಾಳಿಗೆ ಒಣಗ್ತವೆ. ಮಳೆ ಬಂದ್ರೆ ಉಲ್ಟಾ, ನೀರು ಇಂಗಲ್ಲ, ಬೇರಿಗೆ ಉಸಿರಿಲ್ಲ. ಹತ್ತಿ, ಜೋಳಕ್ಕೆ ಇದು ಬಂಗಾರ ಮಣ್ಣು, ಕುಂಡದಿಂದ ಎದ್ದು ಬಂದ ಮರದ ಗಿಡಕ್ಕೆ ಮೊದಲ ಎರಡು ವರ್ಷ ಕಷ್ಟ.

ಹೊಸ ಬಡಾವಣೆ ಆದ್ರೆ ಇನ್ನೂ ಒಂದು ತೊಂದ್ರೆ ಇದೆ. ಮನೆ ಕಟ್ಟುವಾಗ ಮೇಲ್ಮಣ್ಣು ಕೆರೆದು ತೆಗೆದು, ದೊಡ್ಡ ದೊಡ್ಡ ಗಾಡಿ ಓಡಿಸಿ ನೆಲ ದಿಮ್ಮಸು ಹಾಕಿದ ಹಾಗೆ ಮಾಡಿರ್ತಾರೆ, ಆಮೇಲೆ ಮೇಲೆ ಹುಲ್ಲಿನ ಚಾಪೆ ಹಾಸ್ತಾರೆ. ನೆಡೋ ಮುಂಚೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಕ್ಕೆ ಬಿಡಿ, ಮತ್ತೆ ಇನ್ನೊಂದು ಸಲ ತುಂಬಿ. ಎರಡನೇ ಸಲದ ನೀರು ಮಾರನೇ ದಿನನೂ ನಿಂತಿದ್ರೆ ಅಲ್ಲಿ ನೆಡಬೇಡಿ, ಇಲ್ಲಾಂದ್ರೆ ಹತ್ತು ಹನ್ನೆರಡು ಇಂಚು ದಿಬ್ಬ ಅಗಲವಾಗಿ ಏರಿಸಿ ಅದರ ಮೇಲೆ ನೆಡಿ.

ನಮ್ಮಪ್ಪ ಮಾವಿಗೆ ಮೂರಡಿ ಗುಂಡಿ ತೋಡಿ ಗೊಬ್ಬರ ತುಂಬ್ತಿದ್ರು, ನಾನೂ ಹಾಗೇ ಮಾಡ್ದೆ, ತಪ್ಪಾಯ್ತಾ?

ಊರಿನ ಜಂಬಿಟ್ಟಿಗೆ ನೆಲದಲ್ಲಿ ಅದು ಸರಿಯೇ, ನೀರು ಕೆಳಗೆ ಬಸಿದು ಹೋಗತ್ತೆ. ಎರೆ ಮಣ್ಣಲ್ಲಿ ಆಳ ಗುಂಡಿ ತೋಡಿ ಹಗೂರ ಕಾಂಪೋಸ್ಟ್ ತುಂಬಿದ್ರೆ ಸುತ್ತ ಬಿಗಿ ಗೋಡೆ, ಒಳಗೆ ಸ್ಪಂಜು, ಮಳೆ ನೀರೆಲ್ಲ ಅಲ್ಲಿ ಬಂದು ನಿಲ್ಲತ್ತೆ, ಕಾಂಪೋಸ್ಟ್ ಕರಗಿದ ಹಾಗೆ ಗಿಡನೂ ಕೆಳಗೆ ಕೂರತ್ತೆ. ಬೇರು ಆ ಮೆತ್ತನೆ ಜಾಗ ಬಿಟ್ಟು ಗೋಡೆ ದಾಟಕ್ಕೆ ಹೋಗೋದೇ ಇಲ್ಲ. ಇಲ್ಲಿ ಗುಂಡಿ ಬೇರಿನ ಗಡ್ಡೆಯಷ್ಟೇ ಆಳ, ಅದರ ಎರಡು ಮೂರು ಪಟ್ಟು ಅಗಲ ಇರಬೇಕು. ತೋಡಿದ ಮಣ್ಣನ್ನೇ ಪುಡಿ ಮಾಡಿ ವಾಪಸ್ ತುಂಬಿ, ಗುಂಡಿ ಗೋಡೆ ನುಣ್ಣಗಾಗಿದ್ರೆ ಸಲಿಕೆ ತುದೀಲಿ ಗೀರು ಹಾಕಿ, ಕಾಂಪೋಸ್ಟ್ ಹಾಕ್ಬೇಕು ಅನ್ಸಿದ್ರೆ ಮೇಲೆ ಹರಡಿ.

ನೆಡೋ ಮುಂಚೆ ಎರಡು ಕಡೆ ಕಣ್ಣು ಹಾಯಿಸಿ. ಒಂದು, ಕಾಂಡ ಅಗಲ ಆಗಿ ಬೇರಾಗಿ ತಿರುಗೋ ಜಾಗ, ಅದು ಮಣ್ಣಿನ ಮೇಲೆ ಕಾಣಬೇಕು, ಎಷ್ಟೋ ನರ್ಸರಿ ಕುಂಡದಲ್ಲಿ ಅದು ಎರಡು ಮೂರು ಇಂಚು ಕೆಳಗೆ ಹೂತೇ ಬಂದಿರತ್ತೆ, ಕೆರೆದು ಹೊರಗೆ ತನ್ನಿ. ಎರಡು, ಸುತ್ತು ಹಾಕಿದ ಬೇರು. ನನ್ನ ಮೊದಲ ಪರ್ಸಿಮನ್ ಎರಡು ವರ್ಷ ಒಂದು ಗೇಣೂ ಬೆಳೀದೆ ಒಂದು ಡಿಸೆಂಬರಲ್ಲಿ ಹೋಯ್ತು, ಅಗೆದ್ರೆ ಬುಡದಲ್ಲಿ ಕೊಡ ಹೊರೋ ಸಿಂಬಿ ಹಾಗೆ ಬೇರು ಸುತ್ತಿಕೊಂಡು ಕೂತಿತ್ತು, ಪೈಪಲ್ಲಿ ನೀರು ಬಿಟ್ಟು ತೊಳೆದ್ರೆ ಒಂದೇ ಒಂದು ಬೇರೂ ಆ ಸಿಂಬಿ ಬಿಟ್ಟು ಆಚೆ ಹೋಗಿರಲಿಲ್ಲ, ಕುಂಡ ತೆಗೆದು ಎರಡು ವರ್ಷ ಆದ್ರೂ ಅದು ಕುಂಡದಲ್ಲೇ ಇತ್ತು. ಆ ದಿನ ನನಗೆ ಆದ ಸಂಕಟ ಇನ್ನೂ ನೆನಪಿದೆ. ಈಗ ಗಿಡ ತಂದ ಕೂಡ್ಲೆ ಗರಗಸದಲ್ಲಿ ಗಡ್ಡೆಯ ಸುತ್ತ ಒಂದಿಂಚು ಸವರಿ ತೆಗೆದೇ ನೆಡೋದು. ಕೈ ನಡುಗತ್ತೆ, ಆದ್ರೂ ಮಾಡಿ.

ದಿನಾ ಬೆಳಿಗ್ಗೆ ಸ್ಪ್ರಿಂಕ್ಲರ್ ಓಡತ್ತೆ, ಹುಲ್ಲು ಹಸಿರಾಗಿದೆ, ಗಿಡಕ್ಕೆ ನೀರು ಸಾಲ್ದೆ ಹೇಗೆ?

ಸ್ಪ್ರಿಂಕ್ಲರ್ ನೀರು ಮೇಲಿನ ಒಂದೆರಡು ಇಂಚು ಒದ್ದೆ ಮಾಡತ್ತೆ, ಅದನ್ನ ಹುಲ್ಲೇ ಕುಡಿದು ಮುಗಿಸತ್ತೆ. ಗಿಡದ ಗಡ್ಡೇಲಿ ಇರೋದು ನರ್ಸರಿಯ ತೊಗಟೆ ಪುಡಿ, ಅದು ಒಂದೇ ದಿನದಲ್ಲಿ ಒಣಗತ್ತೆ, ಸುತ್ತಲ ಎರೆ ಮಣ್ಣು ಒದ್ದೆ ಇದ್ರೂ ಆ ನೀರು ಗಡ್ಡೆಗೆ ಬರಲ್ಲ. ಬೆರಳು ಗಡ್ಡೆಯೊಳಗೇ ಚುಚ್ಚಿ ನೋಡಿ, ಪಕ್ಕದ ಮಣ್ಣಲ್ಲಿ ಅಲ್ಲ. ನಾನು ಐದು ಗ್ಯಾಲನ್ ಬಕೆಟ್ ತಳಕ್ಕೆ ಎರಡು ಸಣ್ಣ ತೂತು ಹಾಕಿ ಬುಡದ ಹತ್ರ ಇಡ್ತೀನಿ, ತುಂಬಿ ಮರೆತುಬಿಡೋದು, ಮೆಲ್ಲಗೆ ಇಳಿಯತ್ತೆ. ಮೊದಲ ಕೆಲವು ವಾರ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ಬೇಸಿಗೇಲಿ ವಾರಕ್ಕೊಂದೆರಡು ಸಲ. ಚಳಿಗಾಲದಲ್ಲಿ ಮಳೆ ಇಲ್ಲಾಂದ್ರೆ ಎರಡು ಮೂರು ವಾರಕ್ಕೊಮ್ಮೆಯಾದ್ರೂ ಬೇಕು, ಇದನ್ನ ಎಲ್ಲರೂ ಮರೀತಾರೆ. ಬುಡದ ಸುತ್ತ ಮೂರಡಿ ಹುಲ್ಲು ತೆಗೆದು ತರಗೆಲೆನೋ ಮರದ ಚಕ್ಕೆನೋ ಮೂರು ಇಂಚು ಹಾಸಿ, ಕಾಂಡಕ್ಕೆ ಮಾತ್ರ ತಾಗಬಾರದು, ಒಂದು ಬೆರಳಷ್ಟು ಜಾಗ ಬಿಡಿ.

ಚಳಿಗೆ ಮುಂಚೆ ಶಕ್ತಿ ಬರ್ಲಿ ಅಂತ ಅಕ್ಟೋಬರಲ್ಲಿ ಗೊಬ್ಬರ ಕೊಟ್ಟೆ, ಒಳ್ಳೇದಲ್ವಾ?

ಪ್ರೀತಿಯಿಂದ ಮಾಡೋ ತಪ್ಪು ಇದು. ಹಗಲು ಚಿಕ್ಕದಾಗ್ತಾ ಬಂದಾಗ ಗಿಡ ತಾನಾಗೇ ಬೆಳವಣಿಗೆ ನಿಲ್ಲಿಸಿ, ಚಿಗುರು ಗಟ್ಟಿ ಮಾಡ್ಕೊಂಡು ಕೋಶದೊಳಗೆ ಸಕ್ಕರೆ ಕೂಡಿಸಕ್ಕೆ ಶುರು ಮಾಡತ್ತೆ. ಆಗ ಸಾರಜನಕ ಕೊಟ್ರೆ ಮತ್ತೆ ಎಳೇ ಚಿಗುರು ಒಡೆಯತ್ತೆ, ಮೊದಲ ಫ್ರಾಸ್ಟಿಗೆ ಸುಟ್ಟು ಹೋಗೋದು ಅದೇ. ಆಗಸ್ಟ್ ಆದ್ಮೇಲೆ ಗೊಬ್ಬರ ಬೇಡ, ಕತ್ತರಿಯೂ ಬೇಡ. ನೆಟ್ಟ ಮೊದಲ ವರ್ಷ ಗೊಬ್ಬರ ಹಾಕದೇ ಇದ್ರೂ ನಡಿಯತ್ತೆ.

## ಫ್ರೀಝ್ ವಾರ್ನಿಂಗ್ ಬಂದಾಗ

ಬೆಡ್‌ಶೀಟ್ ಹೊದಿಸಿ ಹಗ್ಗ ಕಟ್ಟಿದ್ವಿ, ಆದ್ರೂ ಎಲೆ ಎಲ್ಲ ಕಪ್ಪಾಯ್ತು, ಹೊದಿಸೋದು ವೇಸ್ಟಾ?

ಹಗ್ಗ ಎಲ್ಲಿ ಕಟ್ಟಿದ್ರಿ ಅನ್ನೋದ್ರಲ್ಲಿದೆ ವಿಷಯ. ಗಿಡಕ್ಕೆ ಸ್ವಂತ ಮೈ ಬಿಸಿ ಇಲ್ಲ, ನಾವು ಕಂಬಳಿ ಹೊದ್ದ ಹಾಗಲ್ಲ ಇದು. ಬಿಸಿ ಬರೋದು ನೆಲದಿಂದ, ಹೊದಿಕೆ ಅದನ್ನ ಹಿಡಿದಿಡೋ ಡೇರೆ. ಕಾಂಡಕ್ಕೆ ಬಿಗಿದು ಕಟ್ಟಿದ್ರೆ ನೆಲದ ಬಿಸಿ ಕೆಳಗಿಂದಲೇ ಪಕ್ಕಕ್ಕೆ ಹೋಗ್ಬಿಡತ್ತೆ. ನಾಲ್ಕು ಕೋಲು ನೆಟ್ಟು, ಬಟ್ಟೆ ನೆಲದವರೆಗೆ ಇಳಿಬಿಟ್ಟು, ಅಂಚಿಗೆ ಇಟ್ಟಿಗೆ ಇಡಿ. ಪ್ಲಾಸ್ಟಿಕ್ ಎಲೆಗೆ ತಾಗಿದ್ರೆ ಆ ಎಲೆ ಗ್ಯಾರಂಟಿ ಸುಡತ್ತೆ, ಮಾರನೇ ದಿನ ಬಿಸಿಲು ಬಂದ್ರೆ ಒಳಗೆ ಬೇಯತ್ತೆ ಬೇರೆ. ಹಳೇ ಕಾಲದ ಬಿಸಿ ಆಗೋ ಕ್ರಿಸ್ಮಸ್ ಬಲ್ಬಿನ ಸರ ಒಳಗೆ ಬಿಟ್ರೆ ಸ್ವಲ್ಪ ಉಪಯೋಗ ಇದೆ, ಎಲ್‌ಇಡಿ ಬಲ್ಬಲ್ಲಿ ಆ ಬಿಸಿ ಇಲ್ಲ.

ಚಳೀಲೂ ಎರಡು ತರ ಇದೆ. ಆಕಾಶ ತಿಳಿ, ಗಾಳಿ ಇಲ್ಲ, ನೆಲದ ಬಿಸಿ ಮೇಲೆ ಹೋಗಿ ಬೆಳಗಿನ ಜಾವ ಹುಲ್ಲಿನ ಮೇಲೆ ಬಿಳಿ ಪುಡಿ ಕೂರತ್ತಲ್ಲ, ಅಂಥ ರಾತ್ರಿ ಹೊದಿಕೆ ಚೆನ್ನಾಗಿ ಕೆಲಸ ಮಾಡತ್ತೆ. ಉತ್ತರದಿಂದ ಗಾಳಿ ಹೊಡ್ಕೊಂಡು ಬಂದು ದಿನಗಟ್ಲೆ ಸೊನ್ನೆ ಸೆಲ್ಸಿಯಸ್ಸಿಗಿಂತ ಕೆಳಗಿದ್ರೆ ನೆಲದ ಬಿಸಿಯೂ ಮುಗಿದು ಹೋಗತ್ತೆ, 2021ರಲ್ಲಿ ಆಗಿದ್ದು ಅದೇ. ಅಂಥ ಹೊತ್ತಲ್ಲಿ ಮೇಲಿನ ಎಲೆ ಆಸೆ ಬಿಟ್ಟು ಬುಡ ಉಳಿಸಿಕೊಳ್ಳೋದು ನೋಡಿ.

ಫ್ರೀಝ್ ಹಿಂದಿನ ದಿನ ನೀರು ಹಾಕಿದ್ರೆ ಬೇರಲ್ಲಿ ಐಸ್ ಆಗಲ್ವಾ?

ಆಗಲ್ಲ, ಹಾಕಿ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಹಗಲಿನ ಬಿಸಿ ಜಾಸ್ತಿ ಹಿಡಿದಿಟ್ಟು ರಾತ್ರಿ ನಿಧಾನ ಬಿಡತ್ತೆ. ಒಂದು ದಿನ ಮುಂಚೆ ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ. ಕಿತ್ತಳೆ ತೋಟದವರು ರಾತ್ರಿ ಪೂರ್ತಿ ನೀರು ಚಿಮ್ಮಿಸಿ ಗಿಡಕ್ಕೆ ಐಸ್ ಕಟ್ಟಿಸ್ತಾರೆ ಅಂತ ಕೇಳಿ ಮನೇಲಿ ಮಾಡಕ್ಕೆ ಹೋಗ್ಬೇಡಿ, ನೀರು ಐಸ್ ಆಗುವಾಗ ಬಿಡೋ ಬಿಸಿ ನಿರಂತರ ಸಿಗ್ತಿದ್ರೆ ಮಾತ್ರ ಅದು ಕಾಪಾಡತ್ತೆ, ನಡುವೆ ನಿಂತ್ರೆ ಇದ್ದಿದ್ದಕ್ಕಿಂತ ಕಡೆ.

ಕರಿಬೇವು, ಮಾವು, ನುಗ್ಗೆ ಇಲ್ಲಿ ನೆಲದಲ್ಲಿ ಬೆಳೀಬಹುದಾ?

ಕರಿಬೇವು, ಮಾವು ಎರಡಕ್ಕೂ ಇಲ್ಲ ಅಂತ ನೇರ ಹೇಳ್ತೀನಿ, ಎಳೇ ಮಾವು 30 ಡಿಗ್ರಿ ಫ್ಯಾರನ್‌ಹೀಟ್ ಹತ್ರಕ್ಕೇ ಸಾಯತ್ತೆ. ಕುಂಡದಲ್ಲಿಟ್ಟು ನವೆಂಬರಲ್ಲಿ ಒಳಗೆ ತನ್ನಿ, ಒಳಗಿದ್ದಾಗ ಕರಿಬೇವು ಎಲೆ ಉದುರಿಸಿದ್ರೆ ಗಾಬರಿ ಬೇಡ, ನೀರು ಕಮ್ಮಿ ಮಾಡಿ. ನುಗ್ಗೆ ನೆಲದ ಮೇಲಿಂದು ಪೂರ್ತಿ ಹೋಗತ್ತೆ, ಬುಡಕ್ಕೆ ಒಂದಡಿ ಮುಚ್ಚಿಗೆ ಹಾಕಿದ್ರೆ ಎಷ್ಟೋ ಸಲ ಬೇರಿಂದ ಏಳತ್ತೆ. ಇನ್ನೊಂದು ಮಾತು, ಬೇರೆ ರಾಜ್ಯದ ಸ್ನೇಹಿತರ ಮನೆಯಿಂದ ಕರಿಬೇವು ಅಥವಾ ನಿಂಬೆ ಗಿಡ ಕಾರಲ್ಲಿ ತರಬೇಡಿ. ಕರಿಬೇವು ನಿಂಬೆ ಕುಟುಂಬದ್ದೇ, ನಿಂಬೆ ಕಿತ್ತಳೆ ತೋಟಗಳನ್ನ ಹಾಳು ಮಾಡೋ ರೋಗ ಹರಡೋ ಕೀಟ ಅದರ ಮೇಲೂ ಕೂರತ್ತೆ, ಅದಕ್ಕೇ ಸಾಗಿಸಕ್ಕೆ ಕ್ವಾರಂಟೈನ್ ಕಾನೂನಿದೆ.

ಶುರು ಮಾಡೋರಿಗೆ ನಾನು ಹೇಳೋದು ಜುಜುಬೆ, ನಮ್ಮ ಬೋರೆ ಹಣ್ಣಿನ ತಂಗಿ ಅದು, ಚಳಿಗೂ ಎರೆ ಮಣ್ಣಿಗೂ ಬಗ್ಗಲ್ಲ. ಆಮೇಲೆ ದಾಳಿಂಬೇಲಿ ಸಲಾವಟ್ಸ್ಕಿ ಅನ್ನೋ ತಳಿ.

## ಸ್ವಲ್ಪ ಆಳದ ಪ್ರಶ್ನೆಗಳು

ಕಿತ್ತಳೆ ಗಿಡ ಸತ್ತು ಬುಡದಿಂದ ಜೋರಾಗಿ ಚಿಗುರ್ತು, ಖುಷಿ ಆಯ್ತು, ಆದ್ರೆ ಬರೀ ಮುಳ್ಳು, ಯಾಕೆ ಹೀಗೆ?

ಎಲೆ ನೋಡಿ, ಒಂದೊಂದು ಎಲೇಲಿ ಬಿಲ್ವಪತ್ರೆ ಹಾಗೆ ಮೂರು ದಳ ಇದ್ಯಾ? ಇದ್ರೆ ಅದು ನಿಮ್ಮ ಸತ್ಸುಮಾ ಕಿತ್ತಳೆ ಅಲ್ಲ, ಕಸಿ ಕಟ್ಟಿದ್ದ ಬೇರಿನ ಗಿಡ. ಚಳಿ ತಡೀಲಿ ಅಂತ ಮೂರೆಲೆ ಕಿತ್ತಳೆಯ ಬೇರಿನ ಮೇಲೆ ಕಸಿ ಮಾಡಿರ್ತಾರೆ, ಮೇಲಿನದು ಸತ್ರೆ ಕೆಳಗಿನದು ಎದ್ದು ಬರತ್ತೆ, ಅದರ ಹಣ್ಣು ಬೀಜ ಬೀಜ, ಕಹಿ ಹುಳಿ. ಇದಕ್ಕೆ ಹಳೇ ಉಪಾಯ ಇದೆ: ನವೆಂಬರ್ ಕೊನೇಲಿ ಕಸಿ ಗಂಟಿನಿಂದ ಒಂದಡಿ ಮೇಲಿನವರೆಗೆ ಸ್ವಚ್ಛ ಮಣ್ಣು ಏರಿಸಿ ಕಾಂಡ ಹೂತಿಡಿ, ಮಾರ್ಚ್ ಮಧ್ಯ ದಾಟಿದ್ಮೇಲೆ ತಪ್ಪದೆ ಬಿಡಿಸಿ, ಇಲ್ಲಾಂದ್ರೆ ತೊಗಟೆ ಕೊಳೆಯತ್ತೆ. ಮೇಲಿನ ಕೊಂಬೆಗಳೆಲ್ಲ ಹೋದ್ರೂ ಕಸಿಯ ಒಂದಡಿ ಕಾಂಡ ಉಳಿದ್ರೆ ನಿಜವಾದ ಕಿತ್ತಳೆನೇ ಮತ್ತೆ ಚಿಗುರತ್ತೆ.

ಕಾಂಡದ ಒಂದೇ ಕಡೆ ತೊಗಟೆ ಉದ್ದಕ್ಕೆ ಬಿರಿದಿದೆ, ರೋಗನಾ?

ಕಂಪಾಸ್ ಇಟ್ಟು ನೋಡಿ, ಹೆಚ್ಚಿನ ಸಲ ಅದು ನೈಋತ್ಯ ದಿಕ್ಕು. ಚಳಿಗಾಲದ ಮಧ್ಯಾಹ್ನದ ಓರೆ ಬಿಸಿಲು ಎಲೆ ಇಲ್ಲದ ಕಾಂಡಕ್ಕೆ ನೇರ ಬಡಿದು ಆ ಕಡೆ ತೊಗಟೆ ಬೆಚ್ಚಗಾಗಿ ಎಚ್ಚರ ಆಗತ್ತೆ, ಸೂರ್ಯ ಮುಳುಗಿದ ಕೂಡ್ಲೆ ಧಡ್ ಅಂತ ಹೆಪ್ಪುಗಟ್ಟತ್ತೆ, ಬಿರಿಯತ್ತೆ. ನಮ್ಮ ಕಡೆ ಅಡಿಕೆ ಸಸಿಗೆ ನೈಋತ್ಯದ ಬಿಸಿಲು ಬೀಳದ ಹಾಗೆ ಸೋಗೆ ಕಟ್ತಾರಲ್ಲ, ಕಾಂಡಕ್ಕೆ ಸುಣ್ಣ ಬಳೀತಾರಲ್ಲ, ಅಲ್ಲಿ ಚಳಿ ಇಲ್ಲ, ಬರೀ ಸುಡೋದು, ಆದ್ರೂ ಮದ್ದು ಒಂದೇ. ಇಲ್ಲಿ ಬಿಳಿ ಲೇಟೆಕ್ಸ್ ಪೇಂಟಿಗೆ ಸಮ ನೀರು ಸೇರಿಸಿ ಬುಡದಿಂದ ಮೊದಲ ಕೊಂಬೆವರೆಗೆ ಬಳೀರಿ. ಆಯಿಲ್ ಪೇಂಟ್ ಮಾತ್ರ ಬೇಡ.

ಜನವರೀಲಿ 20 ಡಿಗ್ರಿ ಫ್ಯಾರನ್‌ಹೀಟ್ ತಡ್ಕೊಂಡ ಪೀಚ್ ಗಿಡ ಮಾರ್ಚಲ್ಲಿ 27ಕ್ಕೆ ಹೂವೆಲ್ಲ ಕಳ್ಕೊಂಡಿದ್ದು ಹೇಗೆ?

ಚಳಿ ತಡ್ಯೋ ಶಕ್ತಿ ಗಿಡದಲ್ಲಿ ಸದಾ ಒಂದೇ ತರ ಇರಲ್ಲ, ತಂಪು ಮೆಲ್ಲಗೆ ಏರಿದ ಹಾಗೆ ಬೆಳೆಯತ್ತೆ, ನಾಲ್ಕು ದಿನ ಬೆಚ್ಚಗಾದ್ರೆ ಕರಗತ್ತೆ. ಮೊಗ್ಗು ಮುಚ್ಚಿದ್ದಾಗ ಗಟ್ಟಿ, ಅರಳಿದ್ಮೇಲೆ 28 ಡಿಗ್ರೀಲಿ ಅರ್ಧ ಗಂಟೆ ಇದ್ರೂ ಹತ್ತರಲ್ಲಿ ಒಂದು ಹೂವು ಹೋಗತ್ತೆ, 25ರ ಆಸುಪಾಸಿಗೆ ಹೋದ್ರೆ ಹೆಚ್ಚುಕಮ್ಮಿ ಎಲ್ಲ ಹೋಗತ್ತೆ. ಟೆಕ್ಸಾಸಿನ ಕಷ್ಟ ಇದೇ, ಇಲ್ಲಿ ಫೆಬ್ರವರೀಲಿ 80 ಡಿಗ್ರಿ ದಿನನೂ ಬರತ್ತೆ, ಮಾರನೇ ವಾರ ಐಸೂ ಬೀಳತ್ತೆ. ಕಮ್ಮಿ ಚಳಿ ಸಾಕು ಅನ್ನೋ ಫ್ಲಾರಿಡಾ ತಳಿಗಳು ಇಲ್ಲಿ ಬೇಗ ಎದ್ದು ಮೋಸ ಹೋಗ್ತವೆ. ಡಲ್ಲಾಸ್ ಕಡೆಗೆ ಹೆಚ್ಚು ಚಿಲ್ ಅವರ್ಸ್, ಅಂದ್ರೆ ಹೂ ಬಿಡೋ ಮುಂಚೆ ಹೆಚ್ಚು ಗಂಟೆ ಚಳಿ, ಕೇಳೋ ತಳಿನೇ ಆರಿಸಿ, ತಡವಾಗಿ ಹೂ ಬಿಟ್ರೂ ಪರವಾಗಿಲ್ಲ.

ಕೊಂಬೆ ಎಲ್ಲ ಒಣಗಿದೆ, ಈಗ್ಲೇ ಕತ್ತರಿಸ್ಲಾ, ಕಿತ್ತೇ ಹಾಕ್ಲಾ?

ದಯವಿಟ್ಟು ಎರಡೂ ಬೇಡ, ಸ್ವಲ್ಪ ತಾಳಿ. ಸತ್ತ ಕೊಂಬೆ ಕೆಳಗಿನದಕ್ಕೆ ಒಂದಿಷ್ಟು ಮರೆ ಕೊಡತ್ತೆ, ಕತ್ತರಿಸಿದ್ರೆ ಚಿಗುರು ಬೇಗ ಬಂದು ಮುಂದಿನ ಫ್ರಾಸ್ಟಿಗೆ ಸಿಗತ್ತೆ. ಏಪ್ರಿಲಲ್ಲಿ ಉಗುರಿಂದ ತೊಗಟೆ ಕೆರೆದು ನೋಡ್ತಾ ತುದಿಯಿಂದ ಕೆಳಗೆ ಬನ್ನಿ, ಕಂದು ಇದ್ರೆ ಸತ್ತಿದೆ, ಹಸಿರು ಸಿಕ್ಕಿದ ಜಾಗದಿಂದ ಸ್ವಲ್ಪ ಮೇಲೆ ಕತ್ತರಿಸಿ. ಓಕ್ ಮರ ಆದ್ರೆ ಫೆಬ್ರವರಿಯಿಂದ ಜೂನ್ ಮುಗಿಯೋವರೆಗೆ ಕತ್ತರಿ ಹಾಕಲೇಬೇಡಿ, ಓಕ್ ವಿಲ್ಟ್ ಅನ್ನೋ ರೋಗ ಹರಡೋ ಕಾಲ ಅದು, ಗಾಯ ಆದ್ರೆ ತಕ್ಷಣ ಪೇಂಟ್ ಹಚ್ಚಿ.

2021ರ ಚಳಿ ಆದ್ಮೇಲೆ ನಮ್ಮ ಅಂಜೂರದ್ದು ಮೇಲೆ ಕೆರೆದಲ್ಲೆಲ್ಲ ಕಂದೇ ಇತ್ತು. ಮಾರ್ಚ್ ಹೋಯ್ತು, ಏಪ್ರಿಲ್ ಹೋಯ್ತು, ಮನೆಯವರು ಪಿಕಾಸಿ ತಗೊಂಡು ಎರಡು ಸಲ ಹೋಗಿದ್ರು, ನಾನೇ ಬೇಡ ಅಂತ ನಿಲ್ಲಿಸಿದ್ದು. ಮೇ ಮೊದಲ ವಾರ ಮುಚ್ಚಿಗೆ ಸರಿಸಿ ನೋಡಿದ್ರೆ ನೆಲದ ಕೆಳಗಿಂದ ಕಿರುಬೆರಳಷ್ಟು ದಪ್ಪದ ಮೂರು ಕೆಂಪು ಚಿಗುರು. ಅಂಜೂರ ಸ್ವಂತ ಬೇರಿನದ್ದು, ಕಸಿ ಅಲ್ಲ, ಹಾಗಾಗಿ ಎದ್ದಿದ್ದೂ ಅದೇ ಹಣ್ಣಿನ ಗಿಡ. ಈಗ ಅದು ನನಗಿಂತ ಎತ್ತರ ಇದೆ.